ಯಂತ್ರನಗರಿಯ ಮಕ್ಕಳು: ‘ಮೆಟ್ರೊಪೊಲಿಸ್’ ಚಿತ್ರದ ಒಂದು ಅವಲೋಕನ

ಒಂದು ಪಟ್ಟಣದ ಹಿರಿಮೆಯನ್ನು ಅದರ ಗೋಪುರಗಳಿಂದ ಅಳೆಯುವವರುಂಟು. ಅಲ್ಲಿಯ ಸಂಪತ್ತಿನಿಂದ ಅಳೆಯುವವರುಂಟು. ಅಲ್ಲಿ ಹಗಲಿರುಳು ತಿರುಗುವ ಯಂತ್ರಗಳ ಬಲದಿಂದ ಅಳೆಯುವವರೂ ಉಂಟು. ಆ ಪಟ್ಟಣದ ಮಕ್ಕಳು ಎಲ್ಲಿದ್ದಾರೆ, ಅವರನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿ ಅಳೆಯುವವರು ಮಾತ್ರ ವಿರಳ. ಜರ್ಮನಿ ದೇಶದಲ್ಲಿ ಸುಮಾರು ನೂರು ವರ್ಷಗಳ ಹಿಂದೆ ತಯಾರಾದ ‘ಮೆಟ್ರೊಪೊಲಿಸ್’ ಎಂಬ ಮೂಕಚಿತ್ರವು ಹೊರನೋಟಕ್ಕೆ ಗೋಪುರಗಳ ಚಿತ್ರ, ಯಂತ್ರಗಳ ಚಿತ್ರ. ಆದರೆ ಅದರ ಒಳಹೊಕ್ಕು ನೋಡಿದವರಿಗೆ, ಅದು ಮೊದಲಿನಿಂದ ಕೊನೆಯವರೆಗೆ ಕೇಳುತ್ತಿರುವುದು ಈ ಕೊನೆಯ ಪ್ರಶ್ನೆಯನ್ನೇ ಎಂದು ತೋರದಿರದು.

ನಾವು ಈ ಚಿತ್ರವನ್ನು ಮೊದಲನೆಯ ಸಲ ನೋಡಿದಾಗ ನಮ್ಮ ಕಣ್ಣೆಲ್ಲ ಯಂತ್ರಗಳ ಮೇಲೆಯೇ ಇದ್ದಿತು. ಆಕಾಶವನ್ನು ಮುಟ್ಟುವ ಮನೆಗಳು, ಅವುಗಳ ನಡುವೆ ಹಾರಾಡುವ ವಿಮಾನಗಳು, ಗಾಳಿಯಲ್ಲಿ ತೂಗಾಡುವಂತಿರುವ ರಸ್ತೆಗಳು, ಲೋಹದಿಂದ ಮಾಡಿದ ಸ್ತ್ರೀಯ ಮೂರ್ತಿ—ಇವನ್ನು ನೋಡಿ ಬೆರಗಾಗಿ ಎದ್ದು ಬಂದೆವು. ಎರಡನೆಯ ಸಲ ನೋಡಿದಾಗ ಮಾತ್ರ ಮಕ್ಕಳು ಕಣ್ಣಿಗೆ ಬಿದ್ದರು. ಆಗ ಇಡೀ ಚಿತ್ರದ ಅರ್ಥವೇ ಬೇರೊಂದು ತೆರನಾಗಿ ಕಾಣತೊಡಗಿತು. ಆ ಅರ್ಥವನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಚಿತ್ರ ಹುಟ್ಟಿದ ಬಗೆ

ಈ ಚಿತ್ರದ ನಿರ್ದೇಶಕನು ಫ್ರಿಟ್ಸ್ ಲಾಂಗ್. ಕಥೆಯನ್ನು ಬರೆದವಳು ಆಗ ಅವನ ಪತ್ನಿಯಾಗಿದ್ದ ಟೇಯಾ ಫಾನ್ ಹಾರ್ಬೌ ಎಂಬ ಲೇಖಕಿ. ಇವಳು ಚಿತ್ರಕಥೆಯೊಡನೆ ಅದೇ ಹೆಸರಿನ ಕಾದಂಬರಿಯನ್ನೂ ಬರೆದಳು. ಲಾಂಗನು 1924ರಲ್ಲಿ ಅಮೆರಿಕಕ್ಕೆ ಹೋಗಿದ್ದಾಗ, ರಾತ್ರಿಯ ದೀಪಗಳಿಂದ ಬೆಳಗುತ್ತಿದ್ದ ನ್ಯೂಯಾರ್ಕ್ ನಗರವನ್ನು ಹಡಗಿನ ಮೇಲಿನಿಂದ ಕಂಡು, ಈ ಚಿತ್ರದ ಕಲ್ಪನೆ ತನಗೆ ಹೊಳೆಯಿತೆಂದು ಮುಂದೆ ಹೇಳಿಕೊಂಡಿದ್ದಾನೆ. ಬರ್ಲಿನ್ನಿನ ‘ಊಫಾ’ ಎಂಬ ಚಿತ್ರಸಂಸ್ಥೆಯವರು ಬಂಡವಾಳ ಹಾಕಿದರು. 1925ರ ಮೇ ತಿಂಗಳಲ್ಲಿ ಮೊದಲಾದ ಚಿತ್ರೀಕರಣವು 1926ರ ಅಕ್ಟೋಬರಿನವರೆಗೂ ನಡೆಯಿತು. ಖರ್ಚು 50 ಲಕ್ಷ ಮಾರ್ಕುಗಳನ್ನು ಮೀರಿತು. 1927ರ ಜನವರಿ 10ರಂದು ಬರ್ಲಿನ್ನಿನಲ್ಲಿ ಮೊದಲ ಪ್ರದರ್ಶನವಾಯಿತು. ಹಾಕಿದ ಹಣ ಮರಳಿ ಬರಲಿಲ್ಲ. ಮೊದಲೇ ಸಾಲದಲ್ಲಿ ಮುಳುಗುತ್ತಿದ್ದ ಸಂಸ್ಥೆಯು ಅದೇ ವರ್ಷ ಬೇರೆಯವರ ಕೈಸೇರಿತು.

ಇಂದಿನ ಗಣಕಯಂತ್ರಗಳ ಸಹಾಯವಿಲ್ಲದ ಆ ಕಾಲದಲ್ಲಿ ಇಂಥ ನಗರವನ್ನು ತೆರೆಯ ಮೇಲೆ ಹೇಗೆ ಕಟ್ಟಿದರೆಂಬುದು ಕೇಳತಕ್ಕ ಸಂಗತಿ. ಓಯ್ಗೆನ್ ಷುಫ್ಟಾನ್ ಎಂಬಾತನು ಒಂದು ಉಪಾಯವನ್ನು ಕಂಡುಹಿಡಿದಿದ್ದನು. ಕ್ಯಾಮರಾದ ಮುಂದೆ ಕನ್ನಡಿಯೊಂದನ್ನು ಓರೆಯಾಗಿ ನಿಲ್ಲಿಸುವುದು. ಪಕ್ಕದಲ್ಲಿಟ್ಟ ಚಿಕ್ಕ ಮಾದರಿ ಕಟ್ಟಡವು ಆ ಕನ್ನಡಿಯಲ್ಲಿ ಪ್ರತಿಬಿಂಬಿಸುವಂತೆ ಮಾಡುವುದು. ನಟರು ಕಾಣಬೇಕಾದಷ್ಟು ಜಾಗದಲ್ಲಿ ಮಾತ್ರ ಕನ್ನಡಿಯ ಬೆನ್ನಿನ ಬೆಳ್ಳಿಯ ಲೇಪವನ್ನು ಕೆರೆದು ತೆಗೆಯುವುದು. ಆಗ ಗಾಜಿನ ಮೂಲಕ ದೂರದಲ್ಲಿ ನಿಂತ ನಟರೂ, ಪ್ರತಿಬಿಂಬದ ಮೂಲಕ ಮಾದರಿ ಕಟ್ಟಡವೂ ಒಟ್ಟಿಗೆ ಕ್ಯಾಮರಾದ ಕಣ್ಣಿಗೆ ಬೀಳುವುವು. ಮೇಜಿನ ಮೇಲಿಡಬಹುದಾದ ಕಟ್ಟಡದ ಬಾಗಿಲಲ್ಲಿ ಮನುಷ್ಯರು ಓಡಾಡಿದಂತೆ ತೋರುವುದು. ಯಂತ್ರಸ್ತ್ರೀಯ ಕವಚವನ್ನು ವಾಲ್ಟರ್ ಷುಲ್ಟ್ಸೆ-ಮಿಟೆನ್‌ಡಾರ್ಫ್ ಎಂಬ ಶಿಲ್ಪಿಯು ನಟಿಯ ಮೈಯಚ್ಚನ್ನು ತೆಗೆದುಕೊಂಡು, ಅದಕ್ಕೆ ಸರಿಯಾಗಿ ಮರದ ಪುಡಿಯ ಲೇಪದಂಥ ಒಂದು ವಸ್ತುವಿನಿಂದ ಮಾಡಿ, ಮೇಲೆ ಲೋಹದ ಬಣ್ಣವನ್ನು ಬಳಿದನು. ಅದರೊಳಗೆ ನಿಂತವಳು ಬ್ರಿಗಿಟೆ ಹೆಲ್ಮ್. ಚಿತ್ರೀಕರಣ ಮೊದಲಾದಾಗ ಅವಳಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಇದು ಅವಳ ಮೊದಲನೆಯ ಚಿತ್ರ. ಸೌಮ್ಯಳಾದ ಕನ್ಯೆಯ ಪಾತ್ರವೂ, ಅವಳ ರೂಪವನ್ನು ಕದ್ದ ಯಂತ್ರಸ್ತ್ರೀಯ ಪಾತ್ರವೂ ಅವಳದೇ.

ಕಥಾಸಾರ

ಮೆಟ್ರೊಪೊಲಿಸ್ ಎಂಬುದು ಮುಂದೆಂದೋ ಬರಲಿರುವ ಕಾಲದ ಒಂದು ಮಹಾನಗರ. ಅದಕ್ಕೆ ಎರಡು ಅಂತಸ್ತು. ಮೇಲೆ ಬಿಸಿಲು, ಉದ್ಯಾನಗಳು, ಆಟದ ಬಯಲುಗಳು, ಧನಿಕರ ಮಕ್ಕಳ ವಿಲಾಸ. ನೆಲದ ಅಡಿಯಲ್ಲಿ ಯಂತ್ರಶಾಲೆಗಳು. ಅವುಗಳಿಗಿಂತಲೂ ಕೆಳಗೆ ಕೆಲಸಗಾರರ ಊರು. ಚಿತ್ರವು ಸರದಿ ಬದಲಾಗುವ ಹೊತ್ತಿನಲ್ಲಿ ಪ್ರಾರಂಭವಾಗುತ್ತದೆ. ಕಪ್ಪು ಉಡುಪಿನ ಕೆಲಸಗಾರರು ತಲೆ ತಗ್ಗಿಸಿ, ಸಾಲುಸಾಲಾಗಿ, ಒಂದೇ ಹೆಜ್ಜೆಯಲ್ಲಿ ಒಳಗೆ ಹೋಗುತ್ತಾರೆ. ಸರದಿ ಮುಗಿಸಿದವರು ಇನ್ನೂ ನಿಧಾನವಾಗಿ ಹೊರಗೆ ಬರುತ್ತಾರೆ. ಅವರ ಗಡಿಯಾರದಲ್ಲಿ ಹತ್ತೇ ಗಂಟೆಗಳು. ದುಡಿಮೆಯ ಸರದಿಯೂ ಅಷ್ಟೇ.

ಈ ನಗರದ ಒಡೆಯನು ಯೋ ಫ್ರೆಡರ್ಸನ್. ‘ಬಾಬೆಲ್ಲಿನ ಹೊಸ ಗೋಪುರ’ವೆಂಬ ಎತ್ತರದ ಮಹಲಿನಲ್ಲಿ ಕುಳಿತು ಅವನು ಆಳುತ್ತಾನೆ. ಅವನ ಒಬ್ಬನೇ ಮಗ ಫ್ರೆಡರನು ಒಂದು ದಿನ ಉದ್ಯಾನದಲ್ಲಿ ಆಡುತ್ತಿರುವಾಗ ಬಾಗಿಲು ತೆರೆಯುತ್ತದೆ. ಹರಕು ಬಟ್ಟೆಯ ಮಕ್ಕಳ ಗುಂಪೊಂದನ್ನು ಸುತ್ತಲೂ ಇಟ್ಟುಕೊಂಡು ಮರಿಯಾ ಎಂಬ ಯುವತಿ ನಿಂತಿದ್ದಾಳೆ. ನೆಲದಡಿಯ ಆ ಮಕ್ಕಳಿಗೆ ಮೇಲಿನವರನ್ನು ತೋರಿಸಿ, ಇವರು ನಿಮ್ಮ ಒಡಹುಟ್ಟಿದವರು ಎನ್ನುತ್ತಾಳೆ. ಕಾವಲಿನವರು ಅವರನ್ನು ಹಿಂದಕ್ಕೆ ಅಟ್ಟುತ್ತಾರೆ. ಫ್ರೆಡರನ ಮನಸ್ಸು ನೆಟ್ಟಗೆ ನಿಲ್ಲುವುದಿಲ್ಲ. ಅವರನ್ನು ಹುಡುಕಿಕೊಂಡು ಯಂತ್ರಶಾಲೆಗೆ ಇಳಿಯುತ್ತಾನೆ. ಅವನ ಕಣ್ಣೆದುರಿಗೇ ದೊಡ್ಡ ಯಂತ್ರವೊಂದು ಸಿಡಿದು ಜನರು ಸಾಯುತ್ತಾರೆ. ಆ ಕ್ಷಣದಲ್ಲಿ ಯಂತ್ರವು ಅವನಿಗೆ, ಬಾಯಿ ತೆರೆದು ನರಬಲಿಯನ್ನು ನುಂಗುವ ಮೊಲೋಕ್ ಎಂಬ ಪುರಾತನ ದೇವತೆಯಂತೆ ಕಾಣುತ್ತದೆ.

ತಂದೆಯ ಬಳಿಗೆ ಓಡಿ ಹೋಗಿ ದೂರಿಕೊಂಡರೆ, ಕೆಲಸಗಾರರಿಗೆ ತಕ್ಕ ಜಾಗ ನೆಲದ ಕೆಳಗೇ ಎಂಬ ಉತ್ತರ ದೊರೆಯುತ್ತದೆ. ಆಗ ಫ್ರೆಡರನು ಒಬ್ಬ ಕೆಲಸಗಾರನೊಡನೆ ಉಡುಪನ್ನು ಬದಲಾಯಿಸಿಕೊಂಡು ತಾನೇ ಯಂತ್ರದ ಮುಂದೆ ನಿಲ್ಲುತ್ತಾನೆ. ಗಡಿಯಾರದಂಥ ದೊಡ್ಡ ಚಕ್ರದ ಮುಳ್ಳುಗಳನ್ನು ಎರಡೂ ಕೈಗಳಿಂದ ತಿರುಗಿಸುವುದು ಅವನ ಕೆಲಸ. ಸರದಿ ಮುಗಿಯುವ ಮೊದಲೇ ಅವನು ‘ಅಪ್ಪಾ, ಈ ಹತ್ತು ಗಂಟೆಗೆ ಕೊನೆಯಿಲ್ಲವೇ’ ಎಂಬಂತೆ ಕೂಗಿಕೊಳ್ಳುತ್ತಾನೆ. ಸರದಿಯ ಬಳಿಕ ಕೆಲಸಗಾರರೊಡನೆ ನೆಲಮಾಳಿಗೆಯ ಹಳೆಯ ಸಮಾಧಿಗುಹೆಗಳಿಗೆ ಹೋಗಿ, ಅಲ್ಲಿ ಮರಿಯಾ ಶಾಂತಿಯನ್ನು ಬೋಧಿಸುವುದನ್ನು ಕೇಳುತ್ತಾನೆ.

ಅದನ್ನು ಮರೆಯಲ್ಲಿ ನಿಂತು ಫ್ರೆಡರ್ಸನನೂ ಕೇಳುತ್ತಾನೆ. ಅವನ ಜೊತೆಗಿರುವವನು ರೋಟ್‌ವಾಂಗ್ ಎಂಬ ಯಂತ್ರಶಿಲ್ಪಿ. ಹಿಂದೆ ಇವರಿಬ್ಬರೂ ಹೆಲ್ ಎಂಬ ಸ್ತ್ರೀಯನ್ನು ಪ್ರೀತಿಸಿದ್ದರು. ಅವಳು ಫ್ರೆಡರ್ಸನನನ್ನು ವರಿಸಿ, ಫ್ರೆಡರನನ್ನು ಹೆತ್ತು ತೀರಿಕೊಂಡಳು. ರೋಟ್‌ವಾಂಗನು ಅವಳನ್ನು ಮರೆಯಲಾರದೆ, ಅವಳಿಗೆ ಬದಲಾಗಿ ಲೋಹದ ಸ್ತ್ರೀಯನ್ನು ನಿರ್ಮಿಸಿದ್ದಾನೆ. ಆ ಕೆಲಸದಲ್ಲಿ ತನ್ನ ಒಂದು ಕೈಯನ್ನೂ ಕಳೆದುಕೊಂಡಿದ್ದಾನೆ. ಈ ಯಂತ್ರಸ್ತ್ರೀಗೆ ಮರಿಯಾಳ ರೂಪವನ್ನು ಕೊಟ್ಟು, ಕೆಲಸಗಾರರಿಗೆ ಅವಳಲ್ಲಿರುವ ನಂಬಿಕೆಯನ್ನು ಕೆಡಿಸಬೇಕೆಂದು ಫ್ರೆಡರ್ಸನನು ಆಜ್ಞಾಪಿಸುತ್ತಾನೆ. ಹಾಗೆಯೇ ಆಗುತ್ತದೆ. ಕಳ್ಳ ಮರಿಯಾಳು ಮೇಲಿನ ಯುವಕರನ್ನು ನರ್ತನದಿಂದ ಹುಚ್ಚೆಬ್ಬಿಸಿ, ಕೆಳಗಿನ ಕೆಲಸಗಾರರನ್ನು ಯಂತ್ರಗಳನ್ನು ಮುರಿಯಿರೆಂದು ಕೆರಳಿಸುತ್ತಾಳೆ. ಗಂಡಸರೂ ಹೆಂಗಸರೂ ಒಬ್ಬರುಳಿಯದೆ ಹೊರಟು, ನಗರದ ಪ್ರಾಣದಂತಿದ್ದ ಯಂತ್ರವನ್ನು ಒಡೆದುಹಾಕುತ್ತಾರೆ. ಅದು ನಿಂತೊಡನೆ ನೀರಿನ ಕಟ್ಟೆಗಳೊಡೆದು ಕೆಳಗಿನ ಊರಿಗೆ ನೀರು ನುಗ್ಗುತ್ತದೆ. ಮಕ್ಕಳೆಲ್ಲ ಅಲ್ಲಿಯೇ ಇದ್ದಾರೆ!

ಸೆರೆಯಿಂದ ತಪ್ಪಿಸಿಕೊಂಡು ಬಂದ ನಿಜವಾದ ಮರಿಯಾಳು ಊರ ನಡುವಿನ ಎಚ್ಚರಿಕೆಯ ಜಾಗಟೆಯನ್ನು ಬಾರಿಸುತ್ತಾಳೆ. ಏರುವ ನೀರಿನಲ್ಲಿ ಮಕ್ಕಳು ನಾನಾ ಕಡೆಗಳಿಂದ ಓಡಿ ಬಂದು ಅವಳನ್ನು ತಬ್ಬಿಕೊಳ್ಳುತ್ತಾರೆ. ಫ್ರೆಡರನೂ, ಅವನ ತಂದೆಯಿಂದ ಕೆಲಸ ಕಳೆದುಕೊಂಡಿದ್ದ ಯೋಸಫಾತನೂ ನೆರವಿಗೆ ಬಂದು, ಗಾಳಿಯ ಕೊಳವೆಗಳ ಏಣಿಯಿಂದ ಅವರನ್ನು ಮೇಲಕ್ಕೆ ಸಾಗಿಸುತ್ತಾರೆ. ಕೆಲಸಗಾರರು ತಮ್ಮ ತಪ್ಪನ್ನರಿತು ಕಳ್ಳ ಮರಿಯಾಳನ್ನು ಸುಡುತ್ತಾರೆ. ಬೆಂಕಿಯಲ್ಲಿ ಚರ್ಮ ಕರಗಿ ಲೋಹದ ಮುಖ ಹೊರಬೀಳುತ್ತದೆ. ರೋಟ್‌ವಾಂಗನು ಚರ್ಚಿನ ಮಾಡಿನಿಂದ ಬಿದ್ದು ಸಾಯುತ್ತಾನೆ. ಕೊನೆಗೆ ಚರ್ಚಿನ ಬಾಗಿಲಲ್ಲಿ ಫ್ರೆಡರನು ತಂದೆಯ ಕೈಯನ್ನೂ ಕೆಲಸಗಾರರ ಮೇಸ್ತ್ರಿ ಗ್ರೋಟನ ಕೈಯನ್ನೂ ಹಿಡಿದು ಒಂದುಗೂಡಿಸುತ್ತಾನೆ.

ಬಾಯಿಂದ ಹೇಳಿದ ನೀತಿ

ಚಿತ್ರವು ತನ್ನ ನೀತಿಯನ್ನು ತಾನೇ ಬರೆದು ತೋರಿಸುತ್ತದೆ: ಯೋಜಿಸುವ ತಲೆಗೂ ದುಡಿಯುವ ಕೈಗೂ ನಡುವೆ ಹೃದಯವು ಮಧ್ಯಸ್ಥನಾಗಬೇಕು. ಈ ಮಾತು ಅಂದಿನಿಂದಲೂ ವಾದಕ್ಕೆ ಗುರಿಯಾಗಿದೆ. ಆಂಗ್ಲ ಲೇಖಕ ಎಚ್. ಜಿ. ವೆಲ್ಸನು 1927ರಲ್ಲಿಯೇ ಈ ಚಿತ್ರವನ್ನು ಕಟುವಾಗಿ ಹಳಿದನು. ಯಂತ್ರವು ಬೆಳೆದಂತೆಲ್ಲ ಮನುಷ್ಯನ ಕತ್ತೆದುಡಿಮೆ ಕಡಮೆಯಾಗಬೇಕಲ್ಲದೆ ಹೆಚ್ಚಾಗುವುದು ಹೇಗೆ ಎಂಬುದು ಅವನ ಮುಖ್ಯ ಆಕ್ಷೇಪ. ಲಾಂಗನೂ ಮುಂದಿನ ದಿನಗಳಲ್ಲಿ, ಹೃದಯದಿಂದ ಎಲ್ಲವೂ ಸರಿಹೋಗುವುದೆಂಬ ನೀತಿ ಬರಿಯ ಕಟ್ಟುಕಥೆಯೆಂದು ಹೇಳಿ ತನ್ನ ಚಿತ್ರವನ್ನೇ ಅಲ್ಲಗಳೆದನು. ತಾಯಿಯ ಕಡೆಯಿಂದ ಯಹೂದಿ ಮೂಲದವನಾದ ಅವನು 1933ರಲ್ಲಿ, ನಾಜಿಗಳು ಅಧಿಕಾರಕ್ಕೆ ಬಂದ ವರ್ಷ, ಜರ್ಮನಿಯನ್ನು ಬಿಟ್ಟನು. ಆ ವೇಳೆಗೆ ಅವನಿಗೂ ಹಾರ್ಬೌಗೂ ವಿವಾಹ ವಿಚ್ಛೇದವಾಗಿದ್ದಿತು. ಅವಳು ಅಲ್ಲಿಯೇ ಉಳಿದು ಆ ಪಕ್ಷವನ್ನು ಸೇರಿದಳು. ಇದೇ ಹಾರ್ಬೌ, ಬೆಳಗಾವಿಯ ಸೀಮೆಯಿಂದ ಜರ್ಮನಿಗೆ ಹೋಗಿದ್ದ ಪತ್ರಿಕೋದ್ಯಮಿ ಅಯಿ ತೆಂಡೂಲ್ಕರನನ್ನು ಆ ಬಳಿಕ ಗುಟ್ಟಾಗಿ ವರಿಸಿದಳೆಂಬುದು ನಮ್ಮ ನಾಡಿನ ವಾಚಕರಿಗೆ ಕುತೂಹಲವನ್ನುಂಟುಮಾಡೀತು.

ಆಕ್ಷೇಪಗಳಲ್ಲಿ ಹುರುಳಿಲ್ಲವೆಂದು ನಾವು ಹೇಳೆವು. ಕೊನೆಯ ಆ ಕೈಕುಲುಕಿನಿಂದ ಏನು ಬದಲಾಯಿತು? ಹತ್ತು ಗಂಟೆಯ ಗಡಿಯಾರ ನಿಂತಿತೇ? ಕೆಲಸಗಾರರು ಬಿಸಿಲಿರುವ ಕಡೆಗೆ ಮನೆ ಮಾಡಿದರೇ? ಚಿತ್ರವು ಯಾವುದನ್ನೂ ಹೇಳುವುದಿಲ್ಲ. ಜಗಳವಾಡಿದ ಇಬ್ಬರು ಕೈಹಿಡಿದ ಮಾತ್ರಕ್ಕೆ ಮನೆಯ ಸಾಲ ತೀರದೆಂಬುದು ಸಂಸಾರಿಗಳೆಲ್ಲರಿಗೂ ತಿಳಿದ ಮಾತೇ. ಆದರೆ ಬಾಯಿಂದ ಹೇಳುವ ನೀತಿ ಒಂದಾಗಿ, ಕಥೆಯೊಳಗೆ ಹುದುಗಿದ ನೀತಿ ಇನ್ನೊಂದಾಗಿರುವುದು ದೊಡ್ಡ ಕೃತಿಗಳಲ್ಲಿ ಅಪರೂಪವಲ್ಲ. ಮೆಟ್ರೊಪೊಲಿಸಿನ ನಿಜವಾದ ನೀತಿಯನ್ನು ಅದರ ಫಲಕಗಳ ಮೇಲಿನ ಅಕ್ಷರಗಳಲ್ಲಿ ಹುಡುಕದೆ, ಅದರ ಮಕ್ಕಳ ಮುಖಗಳಲ್ಲಿ ಹುಡುಕಬೇಕೆಂದು ನಮ್ಮ ಅಭಿಪ್ರಾಯ.

ಚಿತ್ರವು ತೋರಿಸುವ ನೀತಿ

ಇಡೀ ಕಥೆಯು ಮಕ್ಕಳಿಂದ ಮೊದಲಾಗುವುದನ್ನು ವಾಚಕರು ಗಮನಿಸಬೇಕು. ಫ್ರೆಡರನ ಕಣ್ಣು ತೆರೆದದ್ದು ಯಾವ ಉಪನ್ಯಾಸದಿಂದಲೂ ಅಲ್ಲ, ಯಾವ ಲೆಕ್ಕದ ಪುಸ್ತಕದಿಂದಲೂ ಅಲ್ಲ. ಬಾಗಿಲಲ್ಲಿ ನಿಂತ ಹಸಿದ ಮಕ್ಕಳನ್ನು ಕಂಡು, ತನ್ನ ಊರಿನಲ್ಲಿ ಇವರೂ ಇರುವರೇ ಎಂದು ಅವನಿಗೆ ಮೊದಲ ಬಾರಿ ತಿಳಿಯಿತು. ಮರಿಯಾ ಆ ಮಕ್ಕಳನ್ನು ಭಿಕ್ಷೆಗೆಂದು ಕರೆತಂದವಳಲ್ಲ. ಇವರು ನಿಮ್ಮ ಬಂಧುಗಳೆಂದು ಪರಿಚಯ ಮಾಡಿಸಲು ಕರೆತಂದವಳು. ನೆಂಟಸ್ತಿಕೆಯ ಮಾತು ಒಂದು ಸಲ ಕಿವಿಗೆ ಬಿದ್ದ ಮೇಲೆ, ಫ್ರೆಡರನಿಗೆ ತನ್ನ ತೋಟದಲ್ಲಿ ನಿಲ್ಲುವುದೇ ಕಷ್ಟವಾಯಿತು.

ಎರಡನೆಯದಾಗಿ ಮೊಲೋಕನ ದೃಶ್ಯ. ಇದನ್ನು ನೋಡುವಾಗ ನಮಗೆ ಏಕಚಕ್ರನಗರದ ಬಕಾಸುರನ ನೆನಪಾಗುತ್ತದೆ. ಅಲ್ಲಿಯೂ ಒಂದು ಊರು. ಅಲ್ಲಿಯೂ ಬಲಿಗೆ ಸರದಿ. ಇಂದು ಒಂದು ಮನೆ, ನಾಳೆ ಇನ್ನೊಂದು ಮನೆ. ಗಾಡಿಯ ತುಂಬ ಅನ್ನ, ಜೊತೆಗೆ ಒಬ್ಬ ಮನುಷ್ಯ. ಸರದಿ ತಪ್ಪದೆ ನಡೆಯುವವರೆಗೂ ಊರಿಗೆ ಊರೇ ಸುಮ್ಮನಿದ್ದಿತು. ಬ್ರಾಹ್ಮಣನ ಮನೆಯೊಳಗಿನ ಅಳು ಕುಂತಿಯ ಕಿವಿಗೆ ಬಿದ್ದಾಗಲೇ ಆ ಕಥೆ ತಿರುಗಿದುದು. ಪರರ ಮನೆಯ ಮಗುವಿನ ಪ್ರಾಣಕ್ಕೆ ತನ್ನ ಮಗನನ್ನೇ ಒಡ್ಡಲು ಅವಳು ಒಪ್ಪಿದಾಗ. ಫ್ರೆಡರನು ಕೆಲಸಗಾರನ ಉಡುಪನ್ನು ತೊಟ್ಟು ಯಂತ್ರದ ಮುಂದೆ ನಿಂತಾಗ ಮಾಡಿದುದು ಅಂಥದೇ ಕೆಲಸ: ಬೇರೊಬ್ಬನ ಸರದಿಯನ್ನು ತಾನು ವಹಿಸಿಕೊಂಡನು. ಹತ್ತು ಗಂಟೆಯೆಂದರೆ ಎಷ್ಟು ಉದ್ದವೆಂಬುದು ಅವನ ತೋಳುಗಳಿಗೆ ತಿಳಿಯಿತು.

ಮೂರನೆಯದು ಹೆಲ್ಲಳ ಕಥೆ. ಫ್ರೆಡರ್ಸನನ ಮನೆಯಲ್ಲಿ ತಾಯಿಯಿಲ್ಲ. ಮಗನು ಹುಟ್ಟಿದ ದಿನವೇ ತಂದೆಗೆ ಶೋಕದ ದಿನವೂ ಆಯಿತು. ಆ ಶೋಕವನ್ನು ಅವನು ಗೋಪುರವಾಗಿ ಕಟ್ಟಿದನು. ರೋಟ್‌ವಾಂಗನು ಲೋಹದ ಬೊಂಬೆಯಾಗಿ ಎರಕ ಹೊಯ್ದನು. ಇಬ್ಬರೂ ಸತ್ತವಳನ್ನು ನೆನೆಯುತ್ತಾರೆ. ಅವಳು ಪ್ರಾಣ ಕೊಟ್ಟು ಉಳಿಸಿಹೋದ ಮಗುವನ್ನು ಇಬ್ಬರೂ ನೋಡುವುದಿಲ್ಲ. ತಂದೆಯು ಮಗನ ಬೆನ್ನಿಗೆ ಗೂಢಚಾರನನ್ನು ಹಚ್ಚುತ್ತಾನೆ. ರೋಟ್‌ವಾಂಗನು ಆ ಮಗನ ಮೂಲಕವೇ ತಂದೆಯ ಮೇಲೆ ಸೇಡು ತೀರಿಸಿಕೊಳ್ಳಬೇಕೆಂದು ಹಂಚಿಕೆ ಹೂಡುತ್ತಾನೆ. ನಗರದ ಕೇಡು ಯಂತ್ರಶಾಲೆಯಲ್ಲಿ ಹುಟ್ಟುವುದಕ್ಕೆ ಮೊದಲು ಒಂದು ಮನೆಯಲ್ಲಿ ಹುಟ್ಟಿತು.

ಇನ್ನು ನಾಲ್ಕನೆಯದು, ಚಿತ್ರದ ಎದೆಗೂಡಿನಂತಿರುವ ಪ್ರವಾಹದ ದೃಶ್ಯ. ಯಂತ್ರ ಮುರಿಯಿತೆಂಬ ಸಂತೋಷದಲ್ಲಿ ಕೆಲಸಗಾರರು ಕೈಕೈ ಹಿಡಿದು ಅದರ ಸುತ್ತ ಕುಣಿಯುತ್ತಿದ್ದಾರೆ. ಅವರ ಸಿಟ್ಟು ನ್ಯಾಯವಾದ ಸಿಟ್ಟೇ. ಅವರು ಪಟ್ಟ ಪಾಡನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ಕುಣಿತದ ನಡುವೆ ಮೇಸ್ತ್ರಿ ಗ್ರೋಟನು ಬಂದು ಅವರನ್ನು ತಡೆದು, ನಿಮ್ಮ ಮಕ್ಕಳೆಲ್ಲಿ ಎಂದು ಕೇಳುತ್ತಾನೆ. ಒಂದೇ ಪ್ರಶ್ನೆಗೆ ಕುಣಿತ ನಿಲ್ಲುತ್ತದೆ. ತಾಯಂದಿರು ತಲೆಗೂದಲನ್ನು ಹಿಡಿದುಕೊಂಡು ಕಿರಿಚುತ್ತಾರೆ. ಮೂಕಚಿತ್ರವಾದರೂ ಆ ಕಿರಿಚಾಟ ನಮ್ಮ ಕಿವಿಗೆ ಕೇಳಿದಂತಾಗುತ್ತದೆ.

ಅತ್ತ ಗೋಪುರದ ಮೇಲೆ ದೀಪಗಳಾರಿ ಕತ್ತಲು ಕವಿದಿದೆ. ಮಗನು ಕೆಳಗಿನ ಊರಿಗೆ ಹೋಗಿರುವನೆಂದು ತಿಳಿದ ಫ್ರೆಡರ್ಸನನು, ನನ್ನ ಮಗನೆಲ್ಲಿ ಎಂದು ತನ್ನ ಗೂಢಚಾರನ ಎದೆಯಂಗಿಯನ್ನು ಹಿಡಿದು ಕೇಳುತ್ತಾನೆ. ನಾಳೆ ಸಾವಿರಾರು ಜನರು ಇದೇ ಪ್ರಶ್ನೆಯನ್ನು ನಿಮ್ಮನ್ನು ಕೇಳಲಿದ್ದಾರೆ ಎಂಬ ಅರ್ಥದ ಉತ್ತರ ಬರುತ್ತದೆ. ಜನರನ್ನು ಅಂಕೆಗಳೆಂದು ಎಣಿಸಿದ್ದ ಆ ಒಡೆಯನು ಅಲ್ಲಿಂದ ಮುಂದೆ ಬರಿಯ ತಂದೆ.

ಮೇಲೆಯೂ ಕೆಳಗೂ ಒಂದೇ ರಾತ್ರಿಯಲ್ಲಿ ಒಂದೇ ಪ್ರಶ್ನೆ ಎದ್ದಿತು. ಸಮಾಧಿಗುಹೆಯಲ್ಲಿ ಮರಿಯಾ ಹೇಳಿದ ಬಾಬೆಲ್ಲಿನ ಕಥೆಯನ್ನು ಇಲ್ಲಿ ನೆನೆಯಬೇಕು. ಬೈಬಲಿನ ಕಥೆಯಲ್ಲಿ ದೇವರು ಜನರ ಭಾಷೆಗಳನ್ನು ಬೇರೆಬೇರೆ ಮಾಡಿದುದರಿಂದ ಗೋಪುರ ನಿಂತುಹೋಯಿತು. ಮರಿಯಾಳ ಕಥೆಯಲ್ಲಿ ಭಾಷೆ ಒಂದೇ. ಆದರೂ ಕಟ್ಟಿಸುವವರ ಮಾತು ಕಟ್ಟುವವರಿಗೆ ತಿಳಿಯಲಿಲ್ಲ. ಒಬ್ಬರಿಗೆ ಸ್ತೋತ್ರವಾಗಿದ್ದ ಹೆಸರು ಮತ್ತೊಬ್ಬರಿಗೆ ಶಾಪವಾಯಿತು. ಹಾಗಾದರೆ ಈ ಇಬ್ಬರಿಗೂ ತಿಳಿಯುವ ಮಾತು ಯಾವುದು? ಚಿತ್ರವು ಕೊಡುವ ಉತ್ತರ ನಮಗೆ ಸ್ಪಷ್ಟವಾಗಿ ಕಾಣುತ್ತದೆ: ಮಕ್ಕಳೆಲ್ಲಿ ಎಂಬ ಮಾತೊಂದೇ ಎರಡು ಅಂತಸ್ತುಗಳಲ್ಲಿಯೂ ಅನುವಾದವಿಲ್ಲದೆ ತಿಳಿಯಿತು. ಆ ಕೊನೆಯ ಕೈಕುಲುಕಿಗೆ ಏನಾದರೂ ಬೆಲೆಯಿದ್ದರೆ, ಮಕ್ಕಳನ್ನು ಕಳೆದುಕೊಂಡೆವೆಂದು ಒಂದು ರಾತ್ರಿ ನಂಬಿದ ಇಬ್ಬರ ಕೈಗಳು ಅವು ಎಂಬುದರಿಂದಲೇ.

ಕಳ್ಳ ಮರಿಯಾ

ಯಂತ್ರಸ್ತ್ರೀಯನ್ನು ಕುರಿತು ಒಂದೆರಡು ಮಾತು ಹೇಳದಿದ್ದರೆ ಈ ವಿಚಾರ ಪೂರ್ತಿಯಾಗದು. ಯುದ್ಧದ ನಡುವೆ ಇಂದ್ರಜಿತುವು ಮಾಯಾಸೀತೆಯನ್ನು ರಥದ ಮೇಲೆ ತಂದು ಕಪಿಸೇನೆಯ ಎದೆಗೆಡಿಸಿದ ಸಂಗತಿಯನ್ನು ರಾಮಾಯಣದಲ್ಲಿ ನಾವು ಓದಿದ್ದೇವೆ. ಹನುಮಂತನಂಥವನೂ ಅಲ್ಲಿ ಮೋಸಹೋದನು. ಜನರು ಯಾರನ್ನು ನಂಬಿರುವರೋ ಅವರ ರೂಪವನ್ನೇ ಮೋಸಗಾರರು ಕದಿಯುತ್ತಾರೆ. ನಂಬದವರ ರೂಪದಿಂದ ಅವರಿಗೇನು ಪ್ರಯೋಜನ? ಒಬ್ಬರ ಮುಖವನ್ನೂ ದನಿಯನ್ನೂ ಯಂತ್ರದಿಂದ ಹುಟ್ಟಿಸಿ ಅವರು ಆಡದ ಮಾತನ್ನು ಆಡಿಸುವ ವಿದ್ಯೆ ಇಂದು ಬಂದುಬಿಟ್ಟಿದೆ. ಆದುದರಿಂದ ಈ ಭಾಗವನ್ನು ಹಳೆಯ ಕಾಲದ ಕಲ್ಪನೆಯೆಂದು ನಕ್ಕು ಬಿಡುವಂತಿಲ್ಲ.

ಆದರೆ ಇಬ್ಬರು ಮರಿಯಾರನ್ನು ಬೇರ್ಪಡಿಸಿ ತಿಳಿಯುವ ಗುರುತೇನು? ಬ್ರಿಗಿಟೆ ಹೆಲ್ಮಳ ಅಭಿನಯದಲ್ಲಿ ಒಂದು ಗುರುತು ಇದ್ದೇ ಇದೆ: ಒಬ್ಬಳ ಕಣ್ಣು ಸ್ಥಿರ, ಇನ್ನೊಬ್ಬಳದು ಅರೆಮುಚ್ಚಿ ತಿರುಚಿದ ನೋಟ, ಒಬ್ಬಳ ಕೈ ಎದೆಯ ಮೇಲೆ, ಇನ್ನೊಬ್ಬಳದು ಗಾಳಿಯಲ್ಲಿ. ಆದರೆ ಗುಂಪಿನಲ್ಲಿ ನಿಂತು ಕೂಗುವವರಿಗೆ ಇಷ್ಟು ಸೂಕ್ಷ್ಮ ಕಾಣುವುದಿಲ್ಲ. ಇನ್ನೂ ದಪ್ಪವಾದ ಗುರುತೊಂದುಂಟು. ನಿಜವಾದ ಮರಿಯಾ ಮೊದಲು ಬಂದಾಗಲೂ ಮಕ್ಕಳ ನಡುವೆ ನಿಂತಿದ್ದಳು. ನೀರು ನುಗ್ಗಿದಾಗಲೂ ಮಕ್ಕಳ ನಡುವೆಯೇ ನಿಂತಳು. ಕಳ್ಳ ಮರಿಯಾಳ ಬಳಿ ಒಂದು ಮಗುವೂ ಸುಳಿಯುವುದಿಲ್ಲ. ಮನೆಯಲ್ಲಿ ಒಬ್ಬರೂ ಉಳಿಯದೆ ಎಲ್ಲರೂ ಹೊರಡಿರೆಂದು ಕೂಗಿದವಳು ಅವಳು. ಮನೆಯಲ್ಲಿರುವ ಮಕ್ಕಳ ಗತಿಯೇನೆಂದು ಆ ಹೊತ್ತಿನಲ್ಲಿ ಒಬ್ಬ ತಾಯಿಯಾದರೂ ಎದ್ದು ಕೇಳಿದ್ದರೆ, ಅಲ್ಲಿಯೇ ಮೋಸ ಬಯಲಾಗುತ್ತಿದ್ದಿತು.

ಚಿತ್ರದ ಕುಂದು

ಹೊಗಳಿದುದಾಯಿತು, ಕುಂದನ್ನೂ ಹೇಳಬೇಕು. ಕೆಲಸಗಾರರ ಊರಿನ ಹೆಂಗಸರು ಈ ಚಿತ್ರದಲ್ಲಿ ಗಲಭೆಯ ದಿನದವರೆಗೂ ಕಾಣಿಸುವುದೇ ಇಲ್ಲ. ಆ ದಿನವೂ ಕಿರಿಚುವುದೇ ಅವರ ಪಾತ್ರ. ಅಲ್ಲಿಯ ಅಡುಗೆಮನೆ ಹೇಗಿದ್ದಿತು, ದಣಿದು ಬಂದ ಗಂಡನೊಡನೆ ಅವರು ಏನು ಮಾತನಾಡುತ್ತಿದ್ದರು ಎಂಬುದನ್ನು ತೋರಿಸಿದ್ದರೆ, ಅವರು ಮಕ್ಕಳನ್ನು ಮರೆತು ಹೊರಟುದು ಇನ್ನೂ ನಂಬುವಂತಾಗುತ್ತಿದ್ದಿತು.

ಇದಕ್ಕಿಂತಲೂ ಮನಸ್ಸಿಗೆ ನಾಟುವ ಸಂಗತಿ ಇನ್ನೊಂದು. ಪ್ರವಾಹದ ದೃಶ್ಯಕ್ಕಾಗಿ ಬರ್ಲಿನ್ನಿನ ಬಡ ಕೇರಿಗಳಿಂದ ನೂರಾರು ಮಕ್ಕಳನ್ನು ಕರೆತಂದು, ದಿನಗಟ್ಟಳೆ ನೀರಿನಲ್ಲಿ ನಿಲ್ಲಿಸಿ ಚಿತ್ರ ತೆಗೆದರು. ಜರ್ಮನಿಯು ಮಹಾಯುದ್ಧದಲ್ಲಿ ಸೋತು, ಹಣದ ಬೆಲೆ ಕುಸಿದು, ಆಗತಾನೆ ಚೇತರಿಸಿಕೊಳ್ಳುತ್ತಿದ್ದ ಕಾಲವದು. ಅಂಥ ಕೆಲಸಕ್ಕೆ ಮಕ್ಕಳು ದೊರೆಯುವುದು ಕಷ್ಟವಾಗಿರಲಿಲ್ಲ. ತೆರೆಯ ಮೇಲೆ ನಾವು ನೋಡುವ ಆ ಸೊರಗಿದ ಮುಖಗಳೂ, ಮೇಲೆತ್ತಿ ಚಾಚಿದ ಕೈಗಳೂ ಪೂರ್ತಿಯಾಗಿ ನಟನೆಯಲ್ಲ. ಮಕ್ಕಳೆಲ್ಲಿ ಎಂದು ಲೋಕವನ್ನು ಕೇಳಿದ ಚಿತ್ರವನ್ನು ನಾವೂ ಅದೇ ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಈ ಮಾತನ್ನು ತಿಳಿದು ಆ ಭಾಗವನ್ನು ನೋಡುವವರಿಗೆ ಅದರ ಸೌಂದರ್ಯವು ಸ್ವಲ್ಪ ಕಹಿಯಾಗಿ ತೋರಿದರೆ ತಪ್ಪಲ್ಲ.

ಕಳೆದುದು, ದೊರೆತುದು

ಚಿತ್ರದ ಪಾಡೂ ಒಂದು ಕಥೆಯೇ ಆಯಿತು. ಮೊದಲ ಪ್ರದರ್ಶನದಲ್ಲಿ ಅದರ ಉದ್ದ 4,189 ಮೀಟರು. ಬಹಳ ಉದ್ದವಾಯಿತೆಂದು ಅಮೆರಿಕದ ವ್ಯಾಪಾರಿಗಳು ಅದನ್ನು ಕತ್ತರಿಸಿ, ಕಥೆಯನ್ನೂ ತಮಗೆ ಬೇಕಾದಂತೆ ತಿರುಗಿಸಿದರು. ಜರ್ಮನಿಯಲ್ಲಿಯೂ ಕತ್ತರಿಸಿದ ಪ್ರತಿಯೇ ಮತ್ತೆ ಬಂದಿತು. ಹೆಲ್ ಎಂಬ ಹೆಸರು ಇಂಗ್ಲಿಷಿನಲ್ಲಿ ನರಕವೆಂಬ ಪದದಂತೆ ಕೇಳುವುದೆಂದು ಅವಳ ಕಥೆಯನ್ನೇ ಕಿತ್ತುಹಾಕಿದರು. ತಾಯಿ ಹೋದಳು, ಅವಳೊಡನೆ ರೋಟ್‌ವಾಂಗನ ಹಗೆಯ ಕಾರಣವೂ ಹೋಯಿತು. ಹತ್ತಾರು ವರ್ಷಗಳ ಕಾಲ ಜಗತ್ತು ನೋಡಿದುದು ಈ ಅಂಗಹೀನವಾದ ಚಿತ್ರವನ್ನು. ಹೀಗಿದ್ದರೂ ಅದರ ಕೀರ್ತಿ ಕುಂದಲಿಲ್ಲ. 2001ರಲ್ಲಿ ಯುನೆಸ್ಕೊ ಸಂಸ್ಥೆಯು ‘ಜಗತ್ತಿನ ಸ್ಮೃತಿ’ ಎಂಬ ತನ್ನ ದಾಖಲೆಯಲ್ಲಿ ಇದನ್ನು ಸೇರಿಸಿತು.

2008ರಲ್ಲಿ ಅರ್ಜೆಂಟೀನಾ ದೇಶದ ಬ್ವೇನೋಸ್ ಐರಿಸ್ ನಗರದ ಚಲಚ್ಚಿತ್ರ ಸಂಗ್ರಹಾಲಯದಲ್ಲಿ ಹೆಚ್ಚುಕಡಮೆ ಪೂರ್ತಿಯಾದ ಪ್ರತಿಯೊಂದು ಸಿಕ್ಕಿತು. ಕಿರಿದಾದ 16 ಮಿಲಿಮೀಟರಿನ ಸುರುಳಿ, ಮೈಯೆಲ್ಲ ಗೀರು. ಅದನ್ನು ಶುದ್ಧಿಮಾಡಿ ಉಳಿದ ಭಾಗಗಳೊಡನೆ ಜೋಡಿಸಿ, 2010ರ ಫೆಬ್ರವರಿಯಲ್ಲಿ ಬರ್ಲಿನ್ನಿನಲ್ಲಿ ತೋರಿಸಿದರು. ಗಾಟ್‌ಫ್ರೀಡ್ ಹುಪ್ಪರ್ಟ್ಸನು 1927ರ ಪ್ರದರ್ಶನಕ್ಕೆಂದು ರಚಿಸಿದ್ದ ಸಂಗೀತದ ಹಸ್ತಪ್ರತಿಯು, ಯಾವ ದೃಶ್ಯ ಎಲ್ಲಿ ಬರಬೇಕೆಂದು ಕಂಡುಕೊಳ್ಳಲು ಬಹಳ ನೆರವಾಯಿತು. ಈಗಲೂ ಒಂದೆರಡು ಚಿಕ್ಕ ಭಾಗಗಳಿಲ್ಲ. ಆದರೆ ದೊರೆತುದರಲ್ಲಿ ಏನೇನಿದ್ದಿತೆಂಬುದನ್ನು ನೋಡಿದರೆ ನಮ್ಮ ವಾದಕ್ಕೆ ಬಲ ಬರುತ್ತದೆ. ಹೆಲ್ಲಳ ಸ್ಮಾರಕದ ಮುಂದೆ ನಡೆಯುವ ದೃಶ್ಯ ಮರಳಿ ಬಂದಿತು. ಮಕ್ಕಳನ್ನು ಏಣಿಗಳ ಮೇಲೆ ಹತ್ತಿಸಿ ಪಾರುಮಾಡುವ ಭಾಗವು ಮೊದಲಿಗಿಂತ ಬಹಳ ದೀರ್ಘವಾಗಿ ಮರಳಿ ಬಂದಿತು. ಚಿತ್ರವನ್ನು ಚಿಕ್ಕದು ಮಾಡಹೊರಟವರು ಗೋಪುರಗಳನ್ನು ಉಳಿಸಿಕೊಂಡು, ತಾಯಿಯನ್ನೂ ಮಕ್ಕಳನ್ನೂ ಕತ್ತರಿಸಿ ಬಿಟ್ಟಿದ್ದರು!

ಈ ಚಿತ್ರವನ್ನು ನೋಡಬೇಕೆನ್ನುವ ಗೃಹಸ್ಥರಿಗೆ ನಮ್ಮ ಒಂದೆರಡು ಸೂಚನೆಗಳು. ಇದರ ಉದ್ದ ಎರಡೂವರೆ ಗಂಟೆಯ ಹತ್ತಿರ. ಆದುದರಿಂದ ಎರಡು ಸಂಜೆಗಳಲ್ಲಿ ಹಂಚಿ ನೋಡಿದರೆ ಮಕ್ಕಳಿಗೆ ಬೇಸರವಾಗದು. 2010ರಲ್ಲಿ ಪೂರ್ಣಗೊಳಿಸಿದ ಪ್ರತಿಯನ್ನೇ ಆರಿಸಿಕೊಳ್ಳಬೇಕು. ಯಂತ್ರಸ್ತ್ರೀಯ ನರ್ತನದ ಭಾಗವನ್ನೂ ಮೊಲೋಕನ ದೃಶ್ಯವನ್ನೂ ತೀರ ಚಿಕ್ಕವರಿಗೆ ತೋರಿಸದಿರುವುದು ಮೇಲು. ನಟರ ಅಂಗವಿನ್ಯಾಸಗಳು ಇಂದಿನವರಿಗೆ ಅತಿಯೆಂದು ತೋರಬಹುದು. ಮಾತಿಲ್ಲದ ಚಿತ್ರದಲ್ಲಿ ಮೈಯೇ ಮಾತನಾಡಬೇಕಾದುದರಿಂದ ಅದನ್ನು ಬಯಲಾಟದ ಅಭಿನಯದಂತೆ ನೋಡಿದರೆ ರುಚಿ ಹತ್ತುತ್ತದೆ.

ನಾವೂ ಪಟ್ಟಣಗಳನ್ನು ಕಟ್ಟುತ್ತಿದ್ದೇವೆ. ದಿನಕ್ಕೊಂದು ಹೊಸ ಯಂತ್ರವನ್ನು ಮನೆಯೊಳಗೆ ತರುತ್ತಿದ್ದೇವೆ. ನಮ್ಮ ಎತ್ತರದ ಕಟ್ಟಡಗಳ ಬುಡದಲ್ಲಿಯೂ, ತಾಯಿತಂದೆಗಳು ಕಲ್ಲು ಮಣ್ಣು ಹೊರುತ್ತಿರುವಾಗ ಮರಳ ರಾಶಿಯ ಮೇಲೆ ಆಡುವ ಮಕ್ಕಳನ್ನು ಯಾರು ನೋಡಿಲ್ಲ? ಚಿತ್ರವು ಮುಗಿದು ದೀಪ ಹಚ್ಚಿದ ಮೇಲೆ, ಗೋಪುರದ ಎತ್ತರವನ್ನು ಕುರಿತು ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಿರಿ. ಅನಂತರ, ಉದ್ಯಾನದ ಬಾಗಿಲಲ್ಲಿ ನಿಂತಿದ್ದ ಆ ಹುಡುಗರು ಯಾರು ಎಂದು ನೀವೇ ಅವರನ್ನು ಕೇಳಿರಿ. ಮರಿಯಾ ಹೇಳಿದ ಉತ್ತರವನ್ನೇ ನಿಮ್ಮ ಮಗುವೂ ಹೇಳಿದರೆ, ಆ ಎರಡು ಸಂಜೆಗಳು ಸಾರ್ಥಕವಾದುವೆಂದು ತಿಳಿಯಬಹುದು.